ಅಂಕಿ ಸರಿ ಇದೆ ಅಂದರೆ ದೇಹ ಸುಮ್ನೆ ಕೂತಿದೆ ಅಂತಲ್ಲ

ಓದುಗರ ಪ್ರಶ್ನೆ: ನನಗೆ 46 ವರ್ಷ. ಬಿಸಿಲಿರಲಿ, ಚಳಿ ಇರಲಿ, ಥರ್ಮಾಮೀಟರ್ ಇಟ್ಟರೆ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ. ಊಟ ಬಿಟ್ಟರೂ ರಕ್ತದ ಸಕ್ಕರೆ ತೀರಾ ಕೆಳಗೆ ಇಳಿಯುವುದಿಲ್ಲ. ಇದನ್ನೆಲ್ಲ ದೇಹದೊಳಗೆ ಯಾರು ನೋಡಿಕೊಳ್ಳುತ್ತಾರೆ? ಹಾಗಿದ್ದರೆ ಜ್ವರ ಬಂದಾಗ ಮೈ ಸುಡುತ್ತಿದ್ದರೂ ಚಳಿ ಯಾಕೆ ಆಗುತ್ತದೆ? ಈಚೆಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಲ್ಲವೂ ನಾರ್ಮಲ್ ಬಂದಿದೆ. ಒಳಗೆ ಎಲ್ಲ ಸರಿ ಇದೆ ಅಂತ ನಂಬಬಹುದಾ? ದೇಹದ ಪಿಎಚ್ ಸಮತೋಲನಕ್ಕೆ ಆಲ್ಕಲೈನ್ ನೀರು ಕುಡಿ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಕುಡಿಯಬೇಕಾ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ರಕ್ತಪರೀಕ್ಷೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಪೂರ್ತಿ ನಂಬಬೇಡಿ, ಹೆದರಲೂ ಬೇಡಿ. ಅಂಕಿ ಸರಿ ಇರುವುದು ಒಳ್ಳೆಯದೇ. ಆದರೆ ಆ ಅಂಕಿಯನ್ನು ಅಲ್ಲೇ ನಿಲ್ಲಿಸಲು ದೇಹ ಏನೇನು ಖರ್ಚು ಮಾಡುತ್ತಿದೆ ಅನ್ನುವುದು ವರದಿಯಲ್ಲಿ ಕಾಣುವುದಿಲ್ಲ.

ದೇಹ ಎಲ್ಲವನ್ನೂ ಒಂದೇ ಸಮ ಇಡುವುದಿಲ್ಲ. ಕೆಲವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅವನ್ನು ಉಳಿಸಲು ಬೇರೆಯದನ್ನು ಬಿಟ್ಟುಕೊಡುತ್ತದೆ. ಕೆಲವು ಮನೆಗಳಲ್ಲಿ ತಿಂಗಳ ಖರ್ಚು ಯಾವ ಕೊರತೆಯೂ ಇಲ್ಲದೆ ನಡೆಯುತ್ತಿರುತ್ತದೆ, ಬ್ಯಾಂಕಿನ ಉಳಿತಾಯ ಮಾತ್ರ ಕರಗುತ್ತಿರುತ್ತದೆ, ಅಲ್ವಾ? ಹೊರಗಿನವರಿಗೆ ಆ ಮನೆಗೂ ಪಕ್ಕದ ಮನೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ರಕ್ತಪರೀಕ್ಷೆ ಹೆಚ್ಚಾಗಿ ತಿಂಗಳ ಖರ್ಚನ್ನು ತೋರಿಸುತ್ತದೆ, ಉಳಿತಾಯವನ್ನಲ್ಲ.

ಮೊದಲು, ದೇಹ ಕಾಪಾಡುವುದು ಏನನ್ನು ಅಂತ ನೋಡೋಣ. ವಯಸ್ಕರ ತೂಕದಲ್ಲಿ ಸುಮಾರು ಶೇ. 60 ನೀರು. ಅದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗಿದೆ. ಉಳಿದ ಒಂದು ಪಾಲು ಹೊರಗಿದೆ, ಅಂದರೆ ಕೋಶಗಳ ಸುತ್ತಮುತ್ತ ಮತ್ತು ರಕ್ತದಲ್ಲಿ. ನಿಮ್ಮ ಲಿವರಿನ ಕೋಶಕ್ಕಾಗಲಿ, ಮೆದುಳಿನ ಕೋಶಕ್ಕಾಗಲಿ ಹೊರಗಿನ ಬಿಸಿಲು, ಗಾಳಿ ನೇರವಾಗಿ ತಾಕುವುದೇ ಇಲ್ಲ. ಅವು ಬದುಕುವುದು ಈ ನೀರಿನಲ್ಲಿ. ಊಟ ಅಲ್ಲಿಂದಲೇ, ಉಸಿರು ಅಲ್ಲಿಂದಲೇ, ಕಸ ಎಸೆಯುವುದೂ ಅಲ್ಲಿಗೇ. 19ನೇ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಇದನ್ನು ಸ್ಪಷ್ಟವಾಗಿ ಗುರುತಿಸಿದರು. ಈ ಒಳಗಿನ ಪರಿಸರ ಸ್ಥಿರವಾಗಿ ಇರುವುದರಿಂದಲೇ ಪ್ರಾಣಿಗಳು ಹೊರಗಿನ ಏರುಪೇರಿಗೆ ಸಿಕ್ಕಿಬೀಳದೆ ಬದುಕುತ್ತವೆ ಎಂದರು. 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರು ಕೊಟ್ಟರು.

ಈ ನೀರಿನ ಗುಣ ಕೆಟ್ಟರೆ ಏನಾಗುತ್ತದೆ? ಪೊಟ್ಯಾಶಿಯಂ ಒಂದನ್ನೇ ನೋಡಿ. ಕೋಶದ ಒಳಗೆ ಅದು ಲೀಟರಿಗೆ ಸುಮಾರು 140 ಮಿಲಿಮೋಲ್ ಇರುತ್ತದೆ. ಹೊರಗೆ ಬರೀ 3.5ರಿಂದ 5. ಹೊರಗಿನ ಅಂಕಿ 7ರ ಹತ್ತಿರ ಹೋದರೆ ಹೃದಯದ ಬಡಿತವೇ ಹಾದಿ ತಪ್ಪಬಹುದು. ಎರಡು ಮೂರು ಮಿಲಿಮೋಲ್ ವ್ಯತ್ಯಾಸ ಜೀವಕ್ಕೇ ಕುತ್ತು ತರುತ್ತದೆ ಅಂದಮೇಲೆ, ದೇಹ ಯಾಕೆ ಅಷ್ಟು ಹಟ ಹಿಡಿದು ಇದನ್ನು ಕಾಯುತ್ತದೆ ಅಂತ ಅರ್ಥವಾಗುತ್ತದೆ.

ಈಗ ಥರ್ಮಾಮೀಟರಿನ ವಿಷಯ. ದೇಹದ ಒಳಗಿನ ತಾಪ ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್. ಇದು ಕಲ್ಲಿನಲ್ಲಿ ಕೆತ್ತಿದ ಅಂಕಿ ಏನಲ್ಲ. ಬೆಳಗಿನ ಜಾವ ಕಡಿಮೆ ಇರುತ್ತದೆ, ಸಂಜೆಗೆ ಅರ್ಧ ಡಿಗ್ರಿ, ಕೆಲವರಲ್ಲಿ ಒಂದು ಡಿಗ್ರಿವರೆಗೂ ಏರುತ್ತದೆ. ಆದರೂ ಅದರ ಹಿಂದಿನ ಕೆಲಸ ದೊಡ್ಡದು. 70 ಕಿಲೋ ತೂಕದವರು ಸುಮ್ನೆ ಕೂತಿದ್ದರೂ ದೇಹ ಗಂಟೆಗೆ ಸುಮಾರು 70 ಕಿಲೋಕ್ಯಾಲೊರಿ ಶಾಖ ಹುಟ್ಟಿಸುತ್ತದೆ. ಅದು ಹೊರಗೆ ಹೋಗಲು ದಾರಿಯೇ ಇಲ್ಲ ಅಂದುಕೊಳ್ಳಿ. ಮೈತಾಪ ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಏರುತ್ತಾ ಹೋಗುತ್ತದೆ. ಅಂದರೆ ನೀವು ನೋಡುವ ಆ ಸ್ಥಿರ ಅಂಕಿ, ಒಳಗೆ ಹುಟ್ಟುವ ಶಾಖ ಮತ್ತು ಹೊರಗೆ ಹೋಗುವ ಶಾಖ ಕ್ಷಣಕ್ಷಣವೂ ಸರಿದೂಗುತ್ತಿರುವುದರ ಫಲ.

ಇದನ್ನು ನೋಡಿಕೊಳ್ಳುವುದು ಹೈಪೋಥಲಮಸ್. ಮೆದುಳಿನ ತಳದಲ್ಲಿರುವ, ಸುಮಾರು ನಾಲ್ಕು ಗ್ರಾಂ ತೂಗುವ ಸಣ್ಣ ಭಾಗ. ಚರ್ಮದ ನರತುದಿಗಳಿಂದ ಅದಕ್ಕೆ ಸುದ್ದಿ ಬರುತ್ತದೆ. ತನ್ನ ಬಳಿ ಹರಿದುಹೋಗುವ ರಕ್ತದ ತಾಪವನ್ನೂ ಅದು ಅಳೆಯುತ್ತದೆ. ತಾಪ ಏರಿದರೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಬೆವರು ಬರುತ್ತದೆ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಇಲ್ಲಿ ಆವಿಯಾಗುವುದೇ ಮುಖ್ಯ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನೂ ತಂಪು ಮಾಡುವುದಿಲ್ಲ, ನೀರು ಮಾತ್ರ ದಂಡ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ 35 ಡಿಗ್ರಿಯೂ ತಡೆಯಲಾಗದಷ್ಟು ಅನಿಸುವುದು ಇದಕ್ಕೇ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರಂತೂ ಬೆವರು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಚಳಿಯಲ್ಲಿ ಇದರ ತಿರುಗುಮುರುಗು. ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಕೈಬೆರಳು, ಪಾದ ತಣ್ಣಗಾಗುತ್ತವೆ. ದೇಹಕ್ಕೆ ಶಾಖ ಸಾಲದೆ ಹೀಗಾಯಿತು ಅಂತ ತುಂಬ ಜನ ತಿಳಿಯುತ್ತಾರೆ. ನಿಜವಾಗಿ ದೇಹ ಬೇಕೆಂದೇ ಕೈಕಾಲುಗಳನ್ನು ತಣ್ಣಗಾಗಲು ಬಿಟ್ಟಿದೆ. ಅಲ್ಲಿಗೆ ಹೋಗುವ ಬಿಸಿ ರಕ್ತವನ್ನು ತಡೆದು ಹೃದಯ, ಮೆದುಳು, ಲಿವರನ್ನು ಬೆಚ್ಚಗೆ ಇಟ್ಟುಕೊಂಡಿದೆ. ಒಂದನ್ನು ಉಳಿಸಲು ಇನ್ನೊಂದನ್ನು ಬಿಟ್ಟುಕೊಡುವುದು ಅಂದೆನಲ್ಲ, ಅದನ್ನು ನಿಮ್ಮ ಬೆರಳ ತುದಿಯಲ್ಲೇ ಮುಟ್ಟಿ ನೋಡಬಹುದು. ಇಷ್ಟು ಸಾಲದಿದ್ದರೆ ನಡುಕ ಶುರುವಾಗುತ್ತದೆ. ಸ್ನಾಯುಗಳು ಯಾವ ಕೆಲಸವನ್ನೂ ಮಾಡದೆ, ಬರೀ ಶಾಖಕ್ಕಾಗಿ ಅದುರುತ್ತವೆ. ಹಸುಗೂಸುಗಳು ಹೀಗೆ ಚೆನ್ನಾಗಿ ನಡುಗಲಾರವು. ಅವುಗಳ ಬೆನ್ನು, ಕತ್ತಿನ ಭಾಗದಲ್ಲಿ ಕಂದು ಕೊಬ್ಬು ಇರುತ್ತದೆ. ಅದು ಉರಿದು ಶಾಖ ಕೊಡುತ್ತದೆ.

ಹಾಗಾದರೆ ಜ್ವರದಲ್ಲಿ ಚಳಿ ಯಾಕೆ? ಸೋಂಕು ತಗುಲಿದಾಗ ರೋಗನಿರೋಧಕ ಕೋಶಗಳು ಕೆಲವು ರಾಸಾಯನಿಕ ಸಂದೇಶಗಳನ್ನು ಕಳಿಸುತ್ತವೆ. ಅವುಗಳಿಂದ ಮೆದುಳಿನಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಅದು ಹೈಪೋಥಲಮಸ್‌ನ ಗುರಿಯನ್ನೇ ಮೇಲಕ್ಕೆ ಏರಿಸುತ್ತದೆ. ಇಲ್ಲಿಯತನಕ 37 ಸರಿ ಅನ್ನುತ್ತಿದ್ದದ್ದು ಈಗ 39 ಸರಿ ಅನ್ನುತ್ತದೆ. ನಿಮ್ಮ ಮೈ ಇನ್ನೂ 37ರಲ್ಲಿದೆ. ಹೊಸ ಗುರಿಗೆ ಹೋಲಿಸಿದರೆ ಎರಡು ಡಿಗ್ರಿ ಕಡಿಮೆ. ಹಾಗಾಗಿ ದೇಹ ಚಳಿಯಲ್ಲಿ ಮಾಡುವುದನ್ನೆಲ್ಲ ಮಾಡುತ್ತದೆ. ಕೈಕಾಲು ತಣ್ಣಗಾಗುತ್ತವೆ, ಹಲ್ಲು ಕಟಕಟ ಅನ್ನುತ್ತದೆ, ಕಂಬಳಿ ಹೊದೆಯಬೇಕು ಅನಿಸುತ್ತದೆ. ತಾಪ 38 ದಾಟಿ ಮುಟ್ಟಿದವರಿಗೆ ಮೈ ಸುಡುತ್ತಿದ್ದರೂ, ಗುರಿ ತಲುಪುವವರೆಗೆ ಚಳಿ ಬಿಡುವುದಿಲ್ಲ. ಸೋಂಕು ತಗ್ಗಿದಾಗ, ಇಲ್ಲವೆ ಪ್ಯಾರಸಿಟಮಾಲ್ ಕೆಲಸ ಮಾಡಿದಾಗ, ಪ್ರೋಸ್ಟಾಗ್ಲಾಂಡಿನ್ ಕಡಿಮೆಯಾಗಿ ಗುರಿ ಮತ್ತೆ 37ಕ್ಕೆ ಇಳಿಯುತ್ತದೆ. ಈಗ ಮೈ ಗುರಿಗಿಂತ ಬಿಸಿ. ಆದ್ದರಿಂದ ಬೆವರು ಕಿತ್ತುಕೊಂಡು ಬರುತ್ತದೆ. ಬೆವರಿದ ಮೇಲೆ ಜ್ವರ ಬಿಟ್ಟಿತು ಅನ್ನುತ್ತೇವಲ್ಲ, ಅಲ್ಲಿ ನಡೆದದ್ದು ಇಷ್ಟೇ.

ಬಿಸಿಲಿನ ಹೊಡೆತ ಇದಕ್ಕಿಂತ ಪೂರ್ತಿ ಬೇರೆ. ಇದನ್ನು ದಯವಿಟ್ಟು ನೆನಪಿಡಿ. ಅಲ್ಲಿ ಗುರಿ ಬದಲಾಗಿರುವುದಿಲ್ಲ, ದೇಹ ತಾಪ ಇಳಿಸಲಾಗದೆ ಸೋತಿರುತ್ತದೆ. ಒಳಗಿನ ತಾಪ 40 ಡಿಗ್ರಿ ದಾಟಿ, ಮನುಷ್ಯ ತಡಬಡಿಸಿ ಮಾತಾಡುವುದು, ಗೊಂದಲಕ್ಕೆ ಬೀಳುವುದು, ಪ್ರಜ್ಞೆ ತಪ್ಪುವುದು ಶುರುವಾದರೆ ಜ್ವರದ ಮಾತ್ರೆ ಉಪಯೋಗಕ್ಕೆ ಬರುವುದಿಲ್ಲ. ಇಳಿಸಲು ಅಲ್ಲಿ ಏರಿದ ಗುರಿಯೇ ಇಲ್ಲ. ಆ ಹೊತ್ತಿನಲ್ಲಿ ಬೇಕಾದದ್ದು ನೆರಳು, ಮೈಮೇಲೆ ಧಾರಾಳ ತಣ್ಣೀರು, ಬೀಸುವ ಗಾಳಿ ಮತ್ತು ತಡಮಾಡದೆ ಆಸ್ಪತ್ರೆ.

ಸಕ್ಕರೆಯ ಕಡೆ ಬರೋಣ. ನಿಮ್ಮ ಮೂಲ ಆತಂಕ ಅಲ್ಲೇ ಇದೆ ಅನಿಸುತ್ತದೆ. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತ. ಡೆಸಿಲೀಟರಿಗೆ 100 ಮಿಲಿಗ್ರಾಂ ಅಂತ ಲೆಕ್ಕ ಹಾಕಿದರೆ, ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಐದೇ ಗ್ರಾಂ. ಒಂದು ಟೀ ಚಮಚ. ಮೆದುಳು ಒಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ಅಂದರೆ ಗಂಟೆಗೆ ಐದು ಗ್ರಾಂ. ಒಂದು ಕಡೆಯಿಂದ ತುಂಬಿಸುತ್ತಾ ಇರದಿದ್ದರೆ ರಕ್ತದ ಸಕ್ಕರೆಯನ್ನೆಲ್ಲ ಮೆದುಳೊಂದೇ ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತದೆ. ಆದರೂ ನೀವು ರಾತ್ರಿ ಎಂಟು ಗಂಟೆ ನಿದ್ದೆ ಮಾಡಿ ಎದ್ದಾಗ ಅಂಕಿ 70ರಿಂದ 100ರ ನಡುವೆಯೇ ಇರುತ್ತದೆ.

ತುಂಬಿಸುವುದು ಲಿವರ್. ಊಟ ಆದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಲಿವರ್ ಅದನ್ನು ಗ್ಲೈಕೊಜೆನ್ ಮಾಡಿ ಕೂಡಿಡುತ್ತದೆ, ಸುಮಾರು ನೂರು ಗ್ರಾಂವರೆಗೆ. ಹೊಟ್ಟೆ ಖಾಲಿಯಾದಾಗ ಅದೇ ಗ್ರಂಥಿಯ ಆಲ್ಫಾ ಕೋಶಗಳು ಗ್ಲುಕಗಾನ್ ಬಿಡುತ್ತವೆ. ಲಿವರ್ ಕೂಡಿಟ್ಟದ್ದನ್ನು ಒಡೆದು ರಕ್ತಕ್ಕೆ ಕೊಡುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ನಾಲ್ಕು ಪಟ್ಟು ಗ್ಲೈಕೊಜೆನ್ ಇದ್ದರೂ ಅವು ಅದನ್ನು ನೇರವಾಗಿ ರಕ್ತಕ್ಕೆ ಬಿಡಲಾರವು. ಅದಕ್ಕೆ ಬೇಕಾದ ಕಿಣ್ವ ಅವುಗಳಲ್ಲಿಲ್ಲ. ಅವುಗಳ ದಾಸ್ತಾನು ಅವುಗಳ ಓಡಾಟಕ್ಕೆ ಮಾತ್ರ.

ಉಪವಾಸ ಒಂದು ದಿನ ದಾಟಿದರೆ ಲಿವರಿನ ದಾಸ್ತಾನು ಹೆಚ್ಚುಕಡಿಮೆ ಮುಗಿಯುತ್ತದೆ. ಆಗಲೂ ಸಕ್ಕರೆ ಬೀಳುವುದಿಲ್ಲ. ಸ್ನಾಯುವಿನ ಪ್ರೋಟೀನ್ ಕರಗುತ್ತದೆ, ಅದರ ತುಣುಕುಗಳಿಂದ ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ. ಇನ್ನೂ ಕೆಲವು ದಿನ ಕಳೆದರೆ ಮೆದುಳು ಕೊಬ್ಬಿನಿಂದ ಬರುವ ಕೀಟೋನ್‌ಗಳನ್ನು ಬಳಸಲು ಶುರುಮಾಡುತ್ತದೆ. ಅದರಿಂದ ಸ್ನಾಯುವಿನ ನಷ್ಟ ಸ್ವಲ್ಪ ತಗ್ಗುತ್ತದೆ. ಹೊಟ್ಟೆಗಿಲ್ಲದವನ ಸಕ್ಕರೆ ಅಂಕಿ ಕೂಡ ಬಹಳ ಕಾಲ ಸಹಜವಾಗಿಯೇ ಕಾಣುತ್ತದೆ. ಬೆಲೆ ತೆತ್ತಿರುವುದು ಅವನ ತೋಳು, ತೊಡೆ.

ಈಗ ನಿಮ್ಮ ವರದಿಗೆ ಇದರ ಸಂಬಂಧ ನೋಡಿ. ಟೈಪ್ 2 ಮಧುಮೇಹ ಸಾಮಾನ್ಯವಾಗಿ ಒಂದು ದಿನ ದಿಢೀರನೆ ಬರುವುದಿಲ್ಲ. ಮೊದಲು ಸ್ನಾಯು, ಲಿವರ್ ಮತ್ತು ಕೊಬ್ಬಿನ ಕೋಶಗಳು ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಆಗ ಬೀಟಾ ಕೋಶಗಳು ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತವೆ. ಸಕ್ಕರೆ ಅಂಕಿ ನಾರ್ಮಲ್ ಆಗಿಯೇ ಉಳಿಯುತ್ತದೆ. ಹೀಗೆ ವರ್ಷಗಟ್ಟಲೆ ನಡೆಯಬಹುದು. ಬೀಟಾ ಕೋಶಗಳು ದಣಿದು ಕೈಚೆಲ್ಲಿದಾಗ ಮಾತ್ರ ಅಂಕಿ ಮೇಲೇರುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಮಧುಮೇಹದ ಹೊಸ್ತಿಲು, 126 ಅಥವಾ ಜಾಸ್ತಿ ಎಂದು ಮತ್ತೆ ಮತ್ತೆ ಬಂದರೆ ಮಧುಮೇಹ ಎನ್ನುತ್ತಾರೆ. ಆದರೆ ಕಥೆ ಶುರುವಾಗಿದ್ದು ಅದಕ್ಕಿಂತ ಎಷ್ಟೋ ಮೊದಲು.

ಇದನ್ನು ಓದಿ ಕೂಡಲೇ ಇನ್ಸುಲಿನ್ ಅಳೆಸಲು ಓಡಬೇಡಿ. ಅದು ಎಲ್ಲರಿಗೂ ಬೇಕಾದ ಪರೀಕ್ಷೆ ಅಲ್ಲ. ಬೇರೆ ಸುಳಿವುಗಳು ಇದ್ದೇ ಇವೆ. ಹಳೆಯ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದು ವರ್ಷ 82, ಆಮೇಲೆ 89, ಈಗ 97 ಅಂತಿದ್ದರೆ, ಮೂರೂ ನಾರ್ಮಲ್ ಆದರೂ ಸಾಗುತ್ತಿರುವ ದಿಕ್ಕು ಗಮನಿಸಬೇಕಾದದ್ದು. ಸೊಂಟದ ಸುತ್ತಳತೆ ಏರುತ್ತಿದೆಯಾ, ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿ ಇದೆಯಾ, ತಂದೆ ತಾಯಿಗೆ ಮಧುಮೇಹ ಇದೆಯಾ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದೆಯಾ, ಇವನ್ನೆಲ್ಲ ನಿಮ್ಮ ಡಾಕ್ಟರ ಜೊತೆ ಮಾತಾಡಿ. ಮಾಡಬಹುದಾದ ಅತಿ ಒಳ್ಳೆಯ ಕೆಲಸ ಅಂದರೆ ಸ್ನಾಯುಗಳಿಗೆ ಕೆಲಸ ಕೊಡುವುದು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಊಟದ ನಂತರ ನಡೆದರೆ ಬೀಟಾ ಕೋಶಗಳ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಇದೇ ಮಾತು ಕ್ಯಾಲ್ಸಿಯಂಗೂ ಸಲ್ಲುತ್ತದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99 ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ತೀರಾ ಸ್ವಲ್ಪ. ಆದರೆ ಆ ಸ್ವಲ್ಪ ಕಡಿಮೆಯಾದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಹೃದಯದ ಲಯ ಕೆಡುತ್ತದೆ. ಹಾಗಾಗಿ ಊಟದಲ್ಲಿ ಕೊರತೆಯಾದರೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಕೊಡುತ್ತದೆ. ಮೂಳೆ ಸವೆದು ಪೊಳ್ಳಾಗಿರುವವರಲ್ಲೂ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ವರದಿಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಅಂತ ನೋಡಿ ಮೂಳೆ ಗಟ್ಟಿ ಇದೆ ಅಂತ ತೀರ್ಮಾನಿಸಬಾರದು.

ರಕ್ತದೊತ್ತಡದ ವಿಷಯದಲ್ಲಿ ಇದು ಜೀವದ ಪ್ರಶ್ನೆಯೇ ಆಗಬಹುದು. ನೀವು ಮಲಗಿದಲ್ಲಿಂದ ಎದ್ದು ನಿಂತರೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆದರೂ ತಲೆ ತಿರುಗುವುದಿಲ್ಲ. ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಗೋಡೆಯ ಬಿಗಿ ಸ್ವಲ್ಪ ಸಡಿಲವಾದರೂ ಅವು ಮೆದುಳಿನ ಬುಡಕ್ಕೆ ತಿಳಿಸುತ್ತವೆ. ಒಂದೆರಡು ಬಡಿತದೊಳಗೆ ಹೃದಯ ವೇಗ ಹೆಚ್ಚಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನಿಮಗೆ ಏನೂ ಗೊತ್ತಾಗುವುದಿಲ್ಲ.

ಇದೇ ಏರ್ಪಾಡು ಅಪಘಾತದಲ್ಲಿ ರಕ್ತ ಹೋದಾಗಲೂ ದುಡಿಯುತ್ತದೆ. ಆರೋಗ್ಯವಂತ ಯುವಕನ ದೇಹದಿಂದ ಕಾಲು ಭಾಗ ರಕ್ತ ಹೋಗಿದ್ದರೂ ಮಲಗಿಸಿ ನೋಡಿದಾಗ ಬಿಪಿಯ ಮೇಲಿನ ಅಂಕಿ ನಾರ್ಮಲ್ ಇರಬಹುದು. ನಾಡಿ ಮಾತ್ರ ಓಡುತ್ತಿರುತ್ತದೆ. ಕೈಕಾಲು ತಣ್ಣಗೆ, ಮುಖ ಬಿಳಿಚಿ, ಮೂತ್ರ ಕಡಿಮೆ. ಚರ್ಮ, ಕರುಳು, ಕಿಡ್ನಿಗಳ ರಕ್ತ ತಡೆದು ಮೆದುಳು ಹೃದಯಕ್ಕೆ ಕೊಡುತ್ತಿದೆ ಅಂತ ಅರ್ಥ. ನಷ್ಟ ಸುಮಾರು ಶೇ. 30 ದಾಟಿದ ಮೇಲೆ ಬಿಟ್ಟುಕೊಡಲು ಏನೂ ಉಳಿದಿರುವುದಿಲ್ಲ, ಬಿಪಿ ಕುಸಿಯುತ್ತದೆ. ನಾನು ವಿದ್ಯಾರ್ಥಿಗಳಿಗೆ ಈ ಪಾಠವನ್ನು ಬೇರೆಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತೇನೆ. ಬಿಪಿ ಬೀಳಲಿ ಅಂತ ಕಾಯಬೇಡಿ, ನಾಡಿ ಹಿಡಿಯಿರಿ, ಕೈ ಮುಟ್ಟಿ ನೋಡಿ. ಗಾಯಾಳುವಿನ ಪಕ್ಕ ನಿಂತ ಯಾರು ಬೇಕಾದರೂ ಇದನ್ನು ಗಮನಿಸಬಹುದು.

ನೀರು, ಉಪ್ಪಿನ ಲೆಕ್ಕ ಇನ್ನೂ ಸೂಕ್ಷ್ಮ. ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ನಡುವೆ ಇರಬೇಕು. ರಕ್ತದ ಗಾಢತೆ ಶೇ. 1ರಿಂದ 2ರಷ್ಟು ಏರಿದರೂ ಹೈಪೋಥಲಮಸ್‌ಗೆ ತಿಳಿಯುತ್ತದೆ. ಬಾಯಾರಿಕೆ ಆಗುತ್ತದೆ. ಜೊತೆಗೆ ನೀರು ಉಳಿಸುವ ಹಾರ್ಮೋನ್, ಅಂದರೆ ಎಡಿಎಚ್, ಕಿಡ್ನಿಗೆ ಸುದ್ದಿ ಒಯ್ಯುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್. ಎಡಿಎಚ್ ಜಾಸ್ತಿ ಇದ್ದರೆ ಮೂತ್ರ ಕಡಿಮೆ, ಕಡುಹಳದಿ. ಕಡಿಮೆ ಇದ್ದರೆ ಮೂತ್ರ ಜಾಸ್ತಿ, ನೀರಿನಂತೆ ತಿಳಿ. ಮದ್ಯ ಈ ಹಾರ್ಮೋನನ್ನು ತಡೆಯುತ್ತದೆ. ಕುಡಿದವರಿಗೆ ಪದೇಪದೇ ಮೂತ್ರ ಬಂದು, ಮಾರನೆಯ ಬೆಳಿಗ್ಗೆ ಗಂಟಲು ಒಣಗುವುದಕ್ಕೆ ಇದೂ ಒಂದು ಕಾರಣ.

ಬಾಯಾರಿದಾಗ ನೀರು ಕುಡಿದರೆ ನಿಮಿಷಗಳಲ್ಲೇ ದಾಹ ತಣಿಯುತ್ತದೆ. ಆ ನೀರು ಇನ್ನೂ ರಕ್ತಕ್ಕೆ ಪೂರ್ತಿ ಸೇರಿಯೇ ಇರುವುದಿಲ್ಲ. ಬಾಯಿ, ಗಂಟಲು, ಹೊಟ್ಟೆಯಿಂದ ಬಂದ ಸುದ್ದಿಯ ಮೇಲೆಯೇ ಮೆದುಳು ಇಷ್ಟು ಸಾಕು ಅಂತ ಅಂದಾಜು ಮಾಡುತ್ತದೆ. ಕಾಯುತ್ತಾ ಕೂತಿದ್ದರೆ ನಾವು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಕುಡಿದುಬಿಡುತ್ತಿದ್ದೆವು. ದೇಹ ಬರೀ ತಪ್ಪಾದ ಮೇಲೆ ತಿದ್ದುವುದಲ್ಲ, ಮುಂದೆ ಆಗುವುದನ್ನು ಊಹಿಸಿ ಮೊದಲೇ ಸಜ್ಜಾಗುತ್ತದೆ. ಓಟಗಾರರ ಎದೆಬಡಿತ ಓಟಕ್ಕೆ ಮೊದಲೇ ಏರುತ್ತದೆ. ಊಟದ ರುಚಿ ನಾಲಿಗೆಗೆ ತಾಗಿದಾಗಲೇ ಸ್ವಲ್ಪ ಇನ್ಸುಲಿನ್ ಹೊರಡುತ್ತದೆ. ನನಗೆ ಈ ವಿಷಯ ಪ್ರತಿ ಸಲವೂ ಹೊಸದಾಗಿ ಬೆರಗು ತರುತ್ತದೆ.

ಸುಡುಬಿಸಿಲಿನಲ್ಲಿ ದುಡಿಯುವಾಗ ನೀರೂ ತಾಪವೂ ಒಂದಕ್ಕೊಂದು ಎದುರಾಗುತ್ತವೆ. ತಾಪ ಇಳಿಸಲು ಬೆವರು ಬೇಕು, ಚರ್ಮಕ್ಕೆ ರಕ್ತ ಬೇಕು. ಆದರೆ ಬೆವರಿ ಬೆವರಿ ರಕ್ತದ ಪ್ರಮಾಣವೇ ಕುಗ್ಗಿದರೆ ಬಿಪಿ ಉಳಿಸುವುದು ಕಷ್ಟ. ಆಗ ದೇಹ ಬಿಪಿಯ ಪಕ್ಷ ವಹಿಸುತ್ತದೆ. ಚರ್ಮಕ್ಕೆ ಹೋಗುವ ರಕ್ತ ಕಡಿಮೆ ಮಾಡುತ್ತದೆ, ಬೆವರೂ ತಗ್ಗುತ್ತದೆ, ಒಳಗಿನ ತಾಪ ಏರಲು ಶುರುವಾಗುತ್ತದೆ. ನೀರು ಕುಡಿಯದೆ ಬಿಸಿಲಿನಲ್ಲಿ ದುಡಿಯುವುದು ಅಪಾಯ ಅನ್ನುವುದು ಇದಕ್ಕೇ. ವಯಸ್ಸಾದವರಲ್ಲಿ ಬಾಯಾರಿಕೆಯೇ ಮಂದವಾಗಿರುತ್ತದೆ. ಅವರು ಕೇಳಲಿ ಅಂತ ಕಾಯದೆ ಆಗಾಗ ನೀರು ಕೊಡಬೇಕು. ಹಾಗಂತ ಆರೋಗ್ಯಕ್ಕೆ ಒಳ್ಳೆಯದು ಅಂತ ದಾಹವಿಲ್ಲದೆ ಲೀಟರುಗಟ್ಟಲೆ ನೀರು ಸುರಿದುಕೊಳ್ಳುವುದೂ ಸರಿಯಲ್ಲ. ಕಿಡ್ನಿ ಗಂಟೆಗೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ಹೆಚ್ಚುವರಿ ನೀರು ಹೊರಹಾಕಬಲ್ಲದು. ಅದನ್ನು ಮೀರಿದರೆ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳುತ್ತದೆ. ಮ್ಯಾರಥಾನ್ ಓಟಗಳಲ್ಲಿ ಹೀಗೆ ನೀರು ಜಾಸ್ತಿಯಾಗಿ ಸಾವುಗಳೂ ಆಗಿವೆ.

ಇನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದಿರಿ. ಹೈಪೋಥಲಮಸ್ ಹೆಸರು ಮತ್ತೆ ಮತ್ತೆ ಬಂತು, ಆದರೆ ಅದೊಂದೇ ಯಜಮಾನ ಅಲ್ಲ. ಬೀಟಾ ಕೋಶಗಳನ್ನು ದೇಹದಿಂದ ಹೊರತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿಟ್ಟು ಗ್ಲೂಕೋಸ್ ಹಾಕಿದರೂ ಅವು ಇನ್ಸುಲಿನ್ ಬಿಡುತ್ತವೆ. ಮೆದುಳಿನ ಅಪ್ಪಣೆ ಬೇಕಿಲ್ಲ. ಪ್ಯಾರಾಥೈರಾಯ್ಡ್ ಗ್ರಂಥಿ ಕ್ಯಾಲ್ಸಿಯಂ ತಾನೇ ಅಳೆಯುತ್ತದೆ. ಕಿಡ್ನಿ ತನಗೆ ಬರುವ ಆಮ್ಲಜನಕ ಕಡಿಮೆಯಾದರೆ ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನನ್ನು ತಾನೇ ಬಿಡುತ್ತದೆ. ಅಳೆಯುವುದು, ಹೋಲಿಸುವುದು, ತಿದ್ದುವುದು ಎಲ್ಲ ಕಡೆ ಹಂಚಿಹೋಗಿದೆ. ಹೆಚ್ಚಾದರೆ ಇಳಿಸು, ಇಳಿದರೆ ಏರಿಸು ಎಂಬ ಈ ಕ್ರಮಕ್ಕೆ ಪಠ್ಯಪುಸ್ತಕಗಳಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೆರಿಗೆ ನೋವು ಮತ್ತು ರಕ್ತ ಹೆಪ್ಪುಗಟ್ಟುವುದು ಇದಕ್ಕೆ ಹೊರತು. ಅಲ್ಲಿ ಶುರುವಾದದ್ದು ಇನ್ನಷ್ಟು ಜೋರಾಗುತ್ತಾ ಹೋಗಿ, ಕೆಲಸ ಮುಗಿದ ಮೇಲೆ ನಿಲ್ಲುತ್ತದೆ.

ಗುರಿ ಬದಲಾಗುವುದು ಜ್ವರದಲ್ಲಿ ಮಾತ್ರವಲ್ಲ. ಬಿಸಿಲಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ದುಡಿದರೆ ಒಂದೆರಡು ವಾರದಲ್ಲಿ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಇದು ಒಳ್ಳೆಯ ಹೊಂದಾಣಿಕೆ. ಕೆಟ್ಟದ್ದೂ ಇದೆ. ಬಿಪಿ ತಿಂಗಳುಗಟ್ಟಲೆ ಏರಿಯೇ ಇದ್ದರೆ, ಅದನ್ನು ಅಳೆಯುವ ನರತುದಿಗಳು ಆ ಮೇಲಿನ ಅಂಕಿಗೇ ಒಗ್ಗಿಹೋಗುತ್ತವೆ. 160 ಇದ್ದರೂ ದೂರು ಹೇಳುವುದಿಲ್ಲ. 120ಕ್ಕೆ ಇಳಿದರೆ ಕಡಿಮೆಯಾಯಿತು ಅನ್ನುತ್ತವೆ. ಏರಿದ ಬಿಪಿ ಬಹಳ ಜನಕ್ಕೆ ಗೊತ್ತೇ ಆಗದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಮಾತ್ರೆ ಶುರುಮಾಡಿದ ಹೊಸದರಲ್ಲಿ ಕೆಲವರಿಗೆ ತಲೆ ಹಗುರಾದಂತೆ, ಸುಸ್ತಾದಂತೆ ಅನಿಸುತ್ತದೆ. ಮಾತ್ರೆ ಒಗ್ಗಲಿಲ್ಲ ಅಂತ ತಾವೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಡಾಕ್ಟರಿಗೆ ಹೇಳಿ. ಅವರು ಪ್ರಮಾಣ ನೋಡುತ್ತಾರೆ. ಕೆಲವು ವಾರಗಳಲ್ಲಿ ನರತುದಿಗಳು ಹೊಸ ಅಂಕಿಗೆ ಹೊಂದಿಕೊಳ್ಳುತ್ತವೆ.

ಕೊನೆಯದಾಗಿ ಆಲ್ಕಲೈನ್ ನೀರು. ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ. ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ, ಏರಿದಷ್ಟೂ ಕ್ಷಾರ (ಆಲ್ಕಲಿ) ಜಾಸ್ತಿ. ರಕ್ತದ ಪಿಎಚ್ 7.35ರಿಂದ 7.45. ಇಷ್ಟು ಕಿರಿದಾದ ಅಂತರವನ್ನು ಮುಖ್ಯವಾಗಿ ಕಾಯುವುದು ಶ್ವಾಸಕೋಶ ಮತ್ತು ಕಿಡ್ನಿ. ಕೋಶಗಳು ಬಿಡುವ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಕರಗಿ ಆಮ್ಲವಾಗುತ್ತದೆ. ಅದು ಸ್ವಲ್ಪ ಏರಿದರೂ ಮೆದುಳಿನ ಬುಡ ಉಸಿರಾಟ ಹೆಚ್ಚಿಸಿ ಹೊರಹಾಕಿಸುತ್ತದೆ. ಉಸಿರು ಬಿಗಿಹಿಡಿದಾಗ ಇನ್ನು ತಡೆಯಲಾರೆ ಅನಿಸುವುದು ಹೆಚ್ಚಾಗಿ ಆಮ್ಲಜನಕ ಮುಗಿದಿದ್ದಕ್ಕಲ್ಲ, ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ. ಈಜುಗಾರರು ನೀರಿನಡಿ ಮುಳುಗುವ ಮೊದಲು ಜೋರಾಗಿ ಉಸಿರಾಡುವುದು ಇದೇ ಕಾರಣಕ್ಕೆ ಅಪಾಯ. ಕಾರ್ಬನ್ ಡೈಆಕ್ಸೈಡ್ ಖಾಲಿಯಾಗಿ ಎಚ್ಚರಿಕೆ ತಡವಾಗುತ್ತದೆ, ಅಷ್ಟರಲ್ಲಿ ಆಮ್ಲಜನಕ ಕುಸಿದು ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಶ್ವಾಸಕೋಶ ನಿಮಿಷಗಳಲ್ಲಿ ಮಾಡುವ ತಿದ್ದುಪಡಿಗೆ ಕಿಡ್ನಿ ಗಂಟೆ, ದಿನಗಳಲ್ಲಿ ಕೈಜೋಡಿಸುತ್ತದೆ. ಆಮ್ಲ ಜಾಸ್ತಿಯಾದರೆ ಮೂತ್ರದಲ್ಲಿ ಆಮ್ಲ, ಕ್ಷಾರ ಜಾಸ್ತಿಯಾದರೆ ಮೂತ್ರದಲ್ಲಿ ಕ್ಷಾರ.

ಈಗ ನೀವೇ ಯೋಚಿಸಿ. ಆಲ್ಕಲೈನ್ ನೀರು ಮೊದಲು ಬೀಳುವುದು ಹೊಟ್ಟೆಯ ಆಮ್ಲದೊಳಗೆ. ಅದರ ಪಿಎಚ್ ಸುಮಾರು 2. ಆ ನೀರಿನ ಕ್ಷಾರ ಅಲ್ಲೇ ಬಹುಪಾಲು ಮುಗಿಯುತ್ತದೆ. ಅಲ್ಪಸ್ವಲ್ಪ ರಕ್ತಕ್ಕೆ ಬಂದರೂ ಕಿಡ್ನಿ ಅದನ್ನು ಹೊರಗೆ ಕಳಿಸುತ್ತದೆ. ಕುಡಿದ ಮೇಲೆ ಮೂತ್ರ ಪರೀಕ್ಷೆಯ ಪಟ್ಟಿಯ ಬಣ್ಣ ಬದಲಾಗಿದ್ದನ್ನು ತೋರಿಸಿ ನಿಮ್ಮ ಸ್ನೇಹಿತರು ನೋಡು ಕೆಲಸ ಮಾಡಿತು ಅನ್ನಬಹುದು. ಬದಲಾಗಿದ್ದು ಮೂತ್ರ, ರಕ್ತವಲ್ಲ. ಬೇಡದ್ದನ್ನು ಕಿಡ್ನಿ ಹೊರಹಾಕಿದೆ ಅನ್ನುವುದಕ್ಕೆ ಆ ಪಟ್ಟಿ ಸಾಕ್ಷಿ. ರಕ್ತದ ಪಿಎಚ್ ನಿಜವಾಗಿಯೂ ಏರುಪೇರಾದರೆ ಅದು ಶ್ವಾಸಕೋಶದ್ದೋ, ಕಿಡ್ನಿಯದ್ದೋ, ಹಿಡಿತ ತಪ್ಪಿದ ಮಧುಮೇಹದ್ದೋ, ತೀವ್ರ ವಾಂತಿ ಭೇದಿಯದ್ದೋ ತೊಂದರೆ ಇರುತ್ತದೆ. ಅದಕ್ಕೆ ಬೇಕಾದದ್ದು ಆಸ್ಪತ್ರೆ. ನಿಮ್ಮ ಕಿಡ್ನಿ ಚೆನ್ನಾಗಿದ್ದರೆ ಆ ನೀರಿನಿಂದ ರಕ್ತದ ಪಿಎಚ್‌ಗೆ ಲಾಭವೇನೂ ಇಲ್ಲ, ಮಾಮೂಲಿ ಶುದ್ಧ ನೀರೇ ಸಾಕು. ಕಿಡ್ನಿ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇಂಥದ್ದನ್ನು ಕುಡಿಯಬಾರದು. ಕೆಲವು ಬಾಟಲಿಗಳಲ್ಲಿ ಸೇರಿಸಿರುವ ಪೊಟ್ಯಾಶಿಯಂ, ಸೋಡಿಯಂನಂಥ ಲವಣಗಳನ್ನು ಹೊರಹಾಕುವುದು ಅವರ ಕಿಡ್ನಿಗೆ ಕಷ್ಟವಾಗಬಹುದು.